ಕಥೆ ಕಳಿಸೋ ಮುನ್ನ ನಿಯಮ ಓದಿ: ಹೊಸ ಬರಹಗಾರರಿಗೆ ಅವಕಾಶ ಎಲ್ಲಿ, ಖರ್ಚು ಯಾರದ್ದು, ಹಕ್ಕು ಯಾರಿಗೆ?

ಕನ್ನಡದ ಕಥಾಸ್ಪರ್ಧೆಗಳ ಪ್ರಕಟಣೆಯಲ್ಲಿ ಒಂದು ನಿಯಮ ಬಹುತೇಕ ತಪ್ಪದೆ ಇರುತ್ತೆ. ಕಥೆಯ ಪುಟಗಳ ಮೇಲೆ ಎಲ್ಲೂ ಲೇಖಕರ ಹೆಸರು ಇರಕೂಡದು. ಹೆಸರು, ವಿಳಾಸ, ಫೋನ್ ನಂಬರನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಬೇಕು. ಕಚೇರಿ ಕೆಲಸದ ಸೂಚನೆ ಥರ ಕಾಣೋ ಈ ಸಾಲಿನಲ್ಲಿ ದೊಡ್ಡ ರಾಜಕಾರಣ ಇದೆ. ನಮ್ಮಲ್ಲಿ ಹೆಸರು ಹೇಳಿದರೆ ಜಾತಿ, ಧರ್ಮ, ಲಿಂಗ ಎಲ್ಲ ಗೊತ್ತಾಗುತ್ತೆ. ವಿಳಾಸ ಹೇಳಿದರೆ ಬೆಂಗಳೂರು, ಮೈಸೂರು, ಧಾರವಾಡದ ಸಾಹಿತ್ಯ ವಲಯಕ್ಕೂ ನಿಮಗೂ ಎಷ್ಟು ದೂರ ಅನ್ನೋದು ಗೊತ್ತಾಗುತ್ತೆ. ಆ ಹಾಳೆ ತೆಗೆದಿಟ್ಟ ಮೇಲೆ ತೀರ್ಪುಗಾರರ ಕೈಯಲ್ಲಿ ಉಳಿಯೋದು ಕಥೆ ಮಾತ್ರ. ಯಾವ ಸಂಪಾದಕರ ಪರಿಚಯವೂ ಇಲ್ಲದ, ಯಾವ ಪ್ರೊಫೆಸರ ಶಿಷ್ಯರೂ ಅಲ್ಲದ ಒಬ್ಬರ ಬರಹ ಹೆಸರು ಮಾಡಿದವರ ಬರಹದ ಪಕ್ಕದಲ್ಲೇ ಕೂತು ಓದಿಸಿಕೊಳ್ಳೋ ಅಪರೂಪದ ಜಾಗ ಇದು. (ತೀರ್ಪುಗಾರರ ಕುರ್ಚಿಯಲ್ಲಿ ಯಾರು ಕೂರ್ತಾರೆ, ಯಾವ ಭಾಗದ ಕನ್ನಡ ಅವರಿಗೆ "ಶುದ್ಧ" ಅನ್ನಿಸುತ್ತೆ ಅನ್ನೋ ತಕರಾರು ಬೇರೆ. ಅದು ನಿಜವಾದ ತಕರಾರೇ.)

ಆದರೆ ಸ್ಪರ್ಧೆ ಅನ್ನೋ ಹೆಸರಲ್ಲಿ ಈಗ ಏನೇನೋ ನಡೀತಿದೆ. ಹಾಗಾಗಿ ಯಾವ ಪ್ರಕಟಣೆ ಕಣ್ಣಿಗೆ ಬಿದ್ದರೂ ಎರಡು ಪ್ರಶ್ನೆ ಕೇಳ್ಕೊಳ್ಳಿ. ದುಡ್ಡು ಯಾರಿಂದ ಯಾರಿಗೆ ಹೋಗ್ತಿದೆ? ಬಹುಮಾನ ಬಂದ ಮೇಲೆ ಬರಹದ ಹಕ್ಕು ಯಾರ ಹತ್ತಿರ ಉಳಿಯುತ್ತೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಒಳ್ಳೇದು ಯಾವುದು, ಬಲೆ ಯಾವುದು ಅಂತ ಮುಕ್ಕಾಲು ಭಾಗ ಗೊತ್ತಾಗಿಬಿಡುತ್ತೆ.

ಹಬ್ಬದ ವಿಶೇಷಾಂಕಗಳು

ಕನ್ನಡದಲ್ಲಿ ಕಥೆಗಾರರನ್ನು ಹುಡುಕಿ ತೆಗೆದ ವ್ಯವಸ್ಥೆ ಅಂದರೆ ಮೊದಲು ನೆನಪಾಗೋದು ವಿಶೇಷಾಂಕಗಳ ಸ್ಪರ್ಧೆ. ಪೂರ್ಣಚಂದ್ರ ತೇಜಸ್ವಿಯವರ ಆರಂಭದ ಕಥೆಗಳಲ್ಲೊಂದಾದ 'ಲಿಂಗ ಬಂದ' ಬಹುಮಾನ ಪಡೆದದ್ದು 'ಪ್ರಜಾವಾಣಿ'ಯ ದೀಪಾವಳಿ ಕಥಾಸ್ಪರ್ಧೆಯಲ್ಲಿ. ಆ ಸ್ಪರ್ಧೆ ಇವತ್ತಿಗೂ ಕಥೆ, ಕವನ ಎರಡಕ್ಕೂ ಇದೆ, ವಿದ್ಯಾರ್ಥಿಗಳಿಗೆ ಬೇರೆ ವಿಭಾಗವೂ ಇದೆ. ಯುಗಾದಿ ಹೊತ್ತಿಗೆ 'ಸುಧಾ', 'ವಿಜಯ ಕರ್ನಾಟಕ'ದಂಥ ಪತ್ರಿಕೆಗಳೂ ಸ್ಪರ್ಧೆ ನಡೆಸಿವೆ. ಆಗಸ್ಟ್ ಹೊತ್ತಿಗೆ 'ಬುಕ್ ಬ್ರಹ್ಮ'ದ ಸ್ವಾತಂತ್ರ್ಯೋತ್ಸವ ಕಥಾಸ್ಪರ್ಧೆ ಇರುತ್ತೆ. ಸಣ್ಣ ಪತ್ರಿಕೆಗಳಲ್ಲಿ 'ಅಕ್ಷರ ಸಂಗಾತ' ಕಥಾಸ್ಪರ್ಧೆ ನಡೆಸುತ್ತೆ.

ಹಬ್ಬ ಬರೋ ಎರಡು–ಮೂರು ತಿಂಗಳ ಮೊದಲೇ ಪ್ರಕಟಣೆ ಬರುತ್ತೆ. ಅಂದರೆ ದೀಪಾವಳಿಯ ಕಥೆ ಮಳೆಗಾಲದಲ್ಲೇ ರೆಡಿ ಇರಬೇಕು. ಪ್ರಕಟಣೆ ನೋಡಿದ ಮೇಲೆ ಬರೆಯೋಕೆ ಕೂತವರ ಕಥೆ ಕೊನೇ ಪುಟಕ್ಕೆ ಬರೋ ಹೊತ್ತಿಗೆ ಅವಸರದಲ್ಲಿ ಮುಗಿದಿರೋದು ಓದುಗರಿಗೇ ಗೊತ್ತಾಗುತ್ತೆ.

ಇಲ್ಲಿ ಜನ ಹೆಚ್ಚು ಎಡವೋದು "ಅಪ್ರಕಟಿತ" ಅನ್ನೋ ಪದದ ಹತ್ತಿರ. ಫೇಸ್‌ಬುಕ್ಕಲ್ಲಿ ಹಾಕಿದ್ದು, ಬ್ಲಾಗಲ್ಲಿ ಹಾಕಿದ್ದು, ಪ್ರತಿಲಿಪಿಯಲ್ಲಿ ಕಂತುಕಂತಾಗಿ ಬಿಟ್ಟದ್ದು ಎಲ್ಲವನ್ನೂ ಬಹಳಷ್ಟು ಸ್ಪರ್ಧೆಗಳು "ಪ್ರಕಟಿತ" ಅಂತಲೇ ಲೆಕ್ಕ ಹಾಕ್ತವೆ. ನಾಲ್ಕು ಲೈಕಿಗೆ ಒಳ್ಳೆಯ ಕಥೆಯನ್ನು ಖರ್ಚು ಮಾಡಿಕೊಂಡು ಆಮೇಲೆ ಒದ್ದಾಡೋದು ಬೇಡ. ಇನ್ನೊಂದು, ಫಲಿತಾಂಶ ಬರೋವರೆಗೆ ಅದೇ ಕಥೆಯನ್ನು ಬೇರೆಲ್ಲೂ ಕಳಿಸೋ ಹಾಗಿಲ್ಲ. ಒಂದು ಕಥೆ ಮೂರ್ನಾಲ್ಕು ತಿಂಗಳು ಕಟ್ಟಿಹಾಕಿದ ಹಾಗೆ. ಕೈಯಲ್ಲಿ ಒಂದೇ ಕಥೆ ಇರೋರು ಯಾವ ಸ್ಪರ್ಧೆಗೆ ಕಳಿಸಬೇಕು ಅನ್ನೋದನ್ನ ಯೋಚಿಸಿ ತೀರ್ಮಾನ ಮಾಡಬೇಕು.

ಸ್ಪರ್ಧೆಯ ಗದ್ದಲದಲ್ಲಿ ಮರೆತುಹೋಗೋ ವಿಷಯ ಅಂದರೆ, 'ಮಯೂರ', 'ತುಷಾರ', 'ಸುಧಾ', 'ತರಂಗ' ಮತ್ತು ದಿನಪತ್ರಿಕೆಗಳ ಭಾನುವಾರದ ಪುರವಣಿಗಳು ವರ್ಷವಿಡೀ ಕಥೆ, ಪ್ರಬಂಧ, ಕವಿತೆ ಹಾಕ್ತವೆ. ಅದಕ್ಕೆ ಸ್ಪರ್ಧೆಯೇ ಬೇಕಿಲ್ಲ. 'ಕೆಂಡಸಂಪಿಗೆ', 'ಅವಧಿ'ಯಂಥ ಜಾಲತಾಣಗಳಿವೆ. ಸಾಹಿತ್ಯದ ಜಾಲತಾಣಗಳಲ್ಲಿ ಗೌರವಧನ ಅಪರೂಪ, ಆದರೆ ಓದುಗರು ಸಿಗ್ತಾರೆ. ಕಥೆ ಬರೆಯದೆ ವರದಿ, ನೆಲದ ಬದುಕಿನ ಬಗ್ಗೆ ಬರೆಯೋರಿಗೆ ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ 'ಪರಿ' ಇದೆ. ಅದರ ಶಿಕ್ಷಣ ವಿಭಾಗದಲ್ಲಿ ವಿದ್ಯಾರ್ಥಿಗಳ ವರದಿಗಳೂ ಪ್ರಕಟವಾಗ್ತವೆ.

ಮೂವತ್ತರೊಳಗಿನವರಿಗೆ

ಕಾಲೇಜಲ್ಲಿರೋರಿಗೆ ಕ್ರೈಸ್ಟ್ ಕನ್ನಡ ಸಂಘದ ಬೇಂದ್ರೆ ಸ್ಮೃತಿ ಅಂತರಕಾಲೇಜು ಕವನ ಸ್ಪರ್ಧೆ ಹಳೆಯ ವಿಳಾಸ. ಚಿ. ಶ್ರೀನಿವಾಸರಾಜು ಕಟ್ಟಿ ಬೆಳೆಸಿದ ಆ ಸಂಘ ವಿದ್ಯಾರ್ಥಿಗಳ ಕವಿತೆಗಳನ್ನು ಪುಸ್ತಕವಾಗಿಯೂ ತಂದಿದೆ. ಕಾಲೇಜು ಬಿಟ್ಟವರಿಗೂ ಆಗೋದು ಟೊಟೊ ಪುರಸ್ಕಾರ. ಬೆಂಗಳೂರಿನ ಟೊಟೊ ಫಂಡ್ಸ್ ದಿ ಆರ್ಟ್ಸ್ ಸಂಸ್ಥೆ ಮೂವತ್ತರೊಳಗಿನ ಬರಹಗಾರರಿಗೆ ಇಂಗ್ಲಿಷ್‌ಗೆ ಬೇರೆ, ಕನ್ನಡಕ್ಕೆ ಬೇರೆ ಕೊಡೋ ಪುರಸ್ಕಾರ ಇದು. ಪುಸ್ತಕ ಬಂದಿರಲೇಬೇಕು ಅಂತೇನಿಲ್ಲ, ಒಂದಷ್ಟು ಒಳ್ಳೆಯ ಬರಹ ಇದ್ದರೆ ಸಾಕು.

ಹಸ್ತಪ್ರತಿಯಿಂದ ನೇರ ಪುಸ್ತಕಕ್ಕೆ

ನನ್ನ ಲೆಕ್ಕದಲ್ಲಿ ಹೊಸಬರಿಗೆ ಅತಿ ಹೆಚ್ಚು ಉಪಯೋಗ ಆಗಿರೋದು ಹಸ್ತಪ್ರತಿ ಸ್ಪರ್ಧೆಗಳಿಂದ. ಒಂದು ಕಥೆಗೆ ಬಂದ ಬಹುಮಾನವನ್ನು ಮುಂದಿನ ಹಬ್ಬದ ಹೊತ್ತಿಗೆ ಎಲ್ಲರೂ ಮರೀತಾರೆ. ಪುಸ್ತಕ ಉಳಿಯುತ್ತೆ.

ಲೇಖಕ ವಸುಧೇಂದ್ರ ಅವರ ಛಂದ ಪುಸ್ತಕ ಪ್ರಕಾಶನ, ಇನ್ನೂ ಕಥಾಸಂಕಲನ ತರದವರಿಂದ ಹಸ್ತಪ್ರತಿ ಕರೆದು, ಆಯ್ಕೆಯಾದದ್ದಕ್ಕೆ ಬಹುಮಾನವನ್ನೂ ಕೊಟ್ಟು ತಾನೇ ಪ್ರಕಟಿಸುವ ಪದ್ಧತಿ ಬೆಳೆಸಿತು. ಶಾಂತಿ ಕೆ. ಅಪ್ಪಣ್ಣ ಅವರ 'ಮನಸು ಅಭಿಸಾರಿಕೆ', ಪದ್ಮನಾಭ ಭಟ್ ಶೇವ್ಕಾರ ಅವರ 'ಕೇಪಿನ ಡಬ್ಬಿ' ಬಂದದ್ದು ಈ ದಾರಿಯಲ್ಲಿ. ಎರಡೂ ಆಮೇಲೆ 2017 ಮತ್ತು 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದವು. ಇಲ್ಲಿ ಗಮನಿಸಬೇಕಾದ್ದು ದುಡ್ಡಿನ ದಿಕ್ಕು: ಪ್ರಕಾಶಕರಿಂದ ಲೇಖಕರ ಕಡೆಗೆ.

ಕವಿಗಳಿಗೆ ಕರಾವಳಿಯಲ್ಲಿ ಎರಡು ಒಳ್ಳೆಯ ದಾರಿಗಳಿವೆ. ಕಾರ್ಕಳ ಕಡೆಯ ಕಾಂತಾವರ ಕನ್ನಡ ಸಂಘ ಕೊಡುವ ಮುದ್ದಣ ಕಾವ್ಯ ಪ್ರಶಸ್ತಿ, ಮತ್ತೆ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದ ಕಡೆಂಗೋಡ್ಲು ಕಾವ್ಯ ಪ್ರಶಸ್ತಿ. ಎರಡೂ ಅಚ್ಚಾಗದ ಕವನಸಂಗ್ರಹದ ಹಸ್ತಪ್ರತಿಗೆ. ಕಾಂತಾವರದಂಥ ಹಳ್ಳಿಯಿಂದ ಇಡೀ ಕರ್ನಾಟಕದ ಕವಿಗಳಿಗೆ ಕರೆ ಹೋಗೋದೇ ಒಂದು ಖುಷಿಯ ಸಂಗತಿ. ಕಾದಂಬರಿ ಬರೆಯೋರು 'ಬುಕ್ ಬ್ರಹ್ಮ'ದ ಕಾದಂಬರಿ ಪುರಸ್ಕಾರದ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬಹುದು.

ಸರ್ಕಾರದ ಕಡೆಯಿಂದ ಇರೋದು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆ. ಯುವ ಬರಹಗಾರರ ಮೊದಲ ಪುಸ್ತಕದ ಹಸ್ತಪ್ರತಿ ಆಯ್ಕೆಯಾದರೆ ಪ್ರಕಟಣೆಗೆ ಪ್ರೋತ್ಸಾಹಧನ ಸಿಗುತ್ತೆ. ಪುಸ್ತಕ ಬಂದ ಮೇಲೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ವಾರ್ಷಿಕ ಬಹುಮಾನಗಳಲ್ಲಿ "ಲೇಖಕರ ಮೊದಲ ಸ್ವತಂತ್ರ ಕೃತಿ"ಗೆ ಅಂತಲೇ ಮಧುರಚೆನ್ನರ ಹೆಸರಿನ ದತ್ತಿ ಬಹುಮಾನವಿದೆ.

ಮೂವತ್ತೈದರ ಗೆರೆ

ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಶುರುವಾದದ್ದು 2011ರಲ್ಲಿ. ಆ ವರ್ಷದ ಜನವರಿ 1ಕ್ಕೆ ವಯಸ್ಸು 35 ದಾಟಿರಬಾರದು. ಮೊತ್ತ 50,000 ರೂಪಾಯಿ. ಕನ್ನಡದಲ್ಲಿ ವಿಕ್ರಮ ಹತ್ವಾರ (2016), ದಾದಾಪೀರ್ ಜೈಮನ್ (2022), ಮಂಜುನಾಯಕ ಚಳ್ಳೂರು (2023), ಶ್ರುತಿ ಬಿ.ಆರ್. (2024) ಇವರೆಲ್ಲ ಪಡೆದದ್ದು ಇದನ್ನೇ. ಪಟ್ಟಿ ನೋಡಿದರೆ ಅಕಾಡೆಮಿ ಕೆಟ್ಟ ಆಯ್ಕೆ ಮಾಡಿಲ್ಲ ಅನ್ನಿಸುತ್ತೆ.

ತಕರಾರು ಇರೋದು ಗೆರೆಯ ಬಗ್ಗೆ. "ಉದಯೋನ್ಮುಖ" ಅನ್ನೋದಕ್ಕೂ "ಯುವ" ಅನ್ನೋದಕ್ಕೂ ಒಂದೇ ಅರ್ಥ ಅಂತ ನಮ್ಮ ಸಂಸ್ಥೆಗಳು ಅಂದ್ಕೊಂಡಿವೆ. ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರಲ್ಲಿ. ಅವರ ಬರಹ ಅಚ್ಚಿಗೆ ಬಂದು ಜನ ಗುರುತಿಸಿದ್ದು 1981ರಲ್ಲಿ, 'ಲಂಕೇಶ್ ಪತ್ರಿಕೆ'ಯಲ್ಲಿ. ಆಗ ಅವರಿಗೆ 45ರ ಆಸುಪಾಸು. ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 'ಚಂದ್ರಗಿರಿಯ ತೀರದಲ್ಲಿ'. ಇವತ್ತಿನ ನಿಯಮದ ಪ್ರಕಾರ ನೋಡಿದರೆ ಅವರು ಮೊದಲ ಸಾಲು ಅಚ್ಚು ಮಾಡಿಸೋ ಹೊತ್ತಿಗೆ ಎಲ್ಲ ಯುವ ಯೋಜನೆಗಳ ಬಾಗಿಲೂ ಮುಚ್ಚಿ ಹತ್ತು ವರ್ಷ ಆಗಿರ್ತಿತ್ತು. ಬಾನು ಮುಷ್ತಾಕ್ ಮೊದಲ ಕಥೆ 'ಪ್ರಜಾಮತ'ದಲ್ಲಿ ಬಂದಾಗ ಇಪ್ಪತ್ತರ ಹರೆಯದಲ್ಲೇ ಇದ್ದರು, ಸರಿ. ಆದರೆ ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅವರಿಗೆ 77.

ಮದುವೆ, ಬಸಿರು, ಬಾಣಂತನ, ಮನೆಗೆಲಸ ಎಲ್ಲ ಮುಗಿಸಿ ನಲವತ್ತಕ್ಕೆ ಪೆನ್ನು ಹಿಡಿಯೋ ಹೆಂಗಸು, ಇಪ್ಪತ್ತು ವರ್ಷ ಗಾರ್ಮೆಂಟ್ಸಲ್ಲೋ ಪೌರಕಾರ್ಮಿಕರಾಗಿಯೋ ದುಡಿದ ಮೇಲೆ ಬರೆಯೋಕೆ ಪುರುಸೊತ್ತು ಸಿಕ್ಕವರು ಹೊಸ ಬರಹಗಾರರಲ್ಲವಾ? ವಯಸ್ಸಿನ ಮಿತಿಯ ಬದಲು "ಮೊದಲ ಪುಸ್ತಕ" ಅನ್ನೋ ಮಿತಿ ಸಾಕು. ಛಂದದ ಸ್ಪರ್ಧೆ, ಅಕಾಡೆಮಿಯ ಮೊದಲ ಕೃತಿ ಬಹುಮಾನ ಇವು ಹಾಗೇ ನಡೀತಿವೆಯಲ್ಲ. ನಿಮಗೆ ಮೂವತ್ತೈದು ದಾಟಿದ್ದರೆ ನೋಡಬೇಕಾದ್ದು ಇವನ್ನೇ, ಜೊತೆಗೆ ಮುಕ್ತ ವಿಭಾಗ ಇರೋ ವಿಶೇಷಾಂಕ ಸ್ಪರ್ಧೆಗಳನ್ನ.

ವಿಷಯ ಮೊದಲೇ ತೀರ್ಮಾನವಾಗಿರೋ ಅವಕಾಶ

ದುಡ್ಡಿನ ಲೆಕ್ಕದಲ್ಲಿ ಯುವ ಲೇಖಕರಿಗೆ ದೊಡ್ಡ ಯೋಜನೆ ಕೇಂದ್ರ ಸರ್ಕಾರದ 'ಪಿಎಂ-ಯುವ'. 2021ರಲ್ಲಿ ಶುರುವಾಯ್ತು, ನಡೆಸೋದು ನ್ಯಾಷನಲ್ ಬುಕ್ ಟ್ರಸ್ಟ್, ಮೂವತ್ತರೊಳಗಿನವರಿಗೆ. ಪುಸ್ತಕದ ಪ್ರಸ್ತಾವ ಆಯ್ಕೆಯಾದರೆ ಆರು ತಿಂಗಳು ತಿಂಗಳಿಗೆ 50,000 ರೂಪಾಯಿ, ಮಾರ್ಗದರ್ಶನ, ಪುಸ್ತಕ ಬಂದ ಮೇಲೆ ಶೇ 10 ರಾಯಧನ. ಕನ್ನಡದಲ್ಲೂ ಬರೀಬಹುದು. ಕನ್ನಡದ ಯಾವ ಪ್ರಕಾಶಕರೂ ಹೊಸಬರಿಗೆ ಇಷ್ಟು ಕೊಡೋ ಸ್ಥಿತಿಯಲ್ಲಿಲ್ಲ.

ಆದರೆ ಏನು ಬರೀಬೇಕು ಅಂತ ಹೇಳೋದು ಸರ್ಕಾರ. ಮೊದಲ ಸುತ್ತಿಗೆ ಸ್ವಾತಂತ್ರ್ಯ ಚಳವಳಿ, ಎರಡನೆಯದಕ್ಕೆ ಪ್ರಜಾಪ್ರಭುತ್ವ, 2025ರಲ್ಲಿ ಬಂದ ಮೂರನೆಯದಕ್ಕೆ ಭಾರತೀಯ ಜ್ಞಾನ ಪರಂಪರೆ, ವಲಸೆ ಭಾರತೀಯರ ಕೊಡುಗೆ, ಆಧುನಿಕ ಭಾರತವನ್ನು ಕಟ್ಟಿದವರು. ಅರ್ಜಿ ಹಾಕಲೇಬೇಡಿ ಅಂತ ನಾನು ಹೇಳಲ್ಲ. ಆರು ತಿಂಗಳ ಸಂಬಳ ಅಂದರೆ ಆರು ತಿಂಗಳ ಪುರುಸೊತ್ತು, ಬಡ ಮನೆಯ ಬರಹಗಾರರಿಗೆ ಅದರ ಬೆಲೆ ಗೊತ್ತು. ಪ್ರಜಾಪ್ರಭುತ್ವ ಅನ್ನೋ ವಿಷಯದೊಳಗೆ ಭೂಸುಧಾರಣೆಯ ಬಗ್ಗೆಯೂ ಬರೀಬಹುದು, ದಲಿತ ಚಳವಳಿಯ ಬಗ್ಗೆಯೂ ಬರೀಬಹುದು. ನಿಮ್ಮ ತಲೆಯಲ್ಲಿ ಮೊದಲೇ ಇರೋ ಪುಸ್ತಕ ಆ ವಿಷಯದೊಳಗೆ ಕೂರುತ್ತಾ ನೋಡಿ. ವಿಷಯಕ್ಕೋಸ್ಕರ ಪುಸ್ತಕ ಹುಟ್ಟಿಸೋಕೆ ಹೋದರೆ ಅದು ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್ ಥರ ಆಗುತ್ತೆ.

ಇಂಗ್ಲಿಷ್ ಕಡೆ ಕಣ್ಣಿರೋರಿಗೆ ಒಂದು ಮಾತು. ಕಾಮನ್‌ವೆಲ್ತ್ ಸಣ್ಣಕಥಾ ಪ್ರಶಸ್ತಿಗೆ ಪ್ರವೇಶ ಶುಲ್ಕ ಇಲ್ಲ, ಕಥೆ 2,000ದಿಂದ 5,000 ಪದ ಇರಬೇಕು, ಒಟ್ಟಾರೆ ಗೆದ್ದವರಿಗೆ 5,000 ಪೌಂಡ್. ಬಂಗಾಳಿ, ತಮಿಳಲ್ಲಿ ನೇರವಾಗಿ ಕಳಿಸಬಹುದು, ಇತ್ತೀಚಿನ ವರ್ಷಗಳ ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಆದರೆ ಇಂಗ್ಲಿಷಿಗೆ ಅನುವಾದವಾದ ಕಥೆ ಕಳಿಸಬಹುದು. ಚೆನ್ನಾಗಿ ಅನುವಾದ ಮಾಡೋ ಗೆಳೆಯ–ಗೆಳತಿ ಇದ್ದರೆ ಇಬ್ಬರಿಗೂ ಅದೊಂದು ದಾರಿ.

ನೀವೇ ದುಡ್ಡು ಕೊಡಬೇಕಾದಾಗ

ಇನ್‌ಸ್ಟಾಗ್ರಾಮ್ ತೆರೆದರೆ ಸಾಕು: "ಸಹ-ಲೇಖಕರಾಗಿ", "ನಿಮ್ಮ ಕವನ ಪುಸ್ತಕದಲ್ಲಿ", "ಎಲ್ಲರಿಗೂ ಪ್ರಮಾಣಪತ್ರ". ಶುಲ್ಕ ಇನ್ನೂರೋ ಮುನ್ನೂರೋ. ಲೆಕ್ಕ ಹಾಕಿ ನೋಡಿ. ಐವತ್ತು ಜನ ತಲಾ 300 ಕೊಟ್ಟರೆ 15,000 ಆಯ್ತು. ಆಮೇಲೆ ಆ ಐವತ್ತು ಜನವೇ ಒಂದೊಂದು ಪ್ರತಿ ಕೊಳ್ತಾರೆ. ಹೊರಗಿನ ಒಬ್ಬ ಓದುಗನೂ ಬೇಕಿಲ್ಲ, ಯಾವ ಕವನವನ್ನೂ ಬೇಡ ಅನ್ನಬೇಕಿಲ್ಲ. ಆಯ್ಕೆಯೇ ಇಲ್ಲದ ಕಡೆ ಸ್ಪರ್ಧೆ ಎಲ್ಲಿಂದ ಬಂತು?

ಇದರ ದೊಡ್ಡ ರೂಪ ಪ್ಯಾಕೇಜ್ ಪ್ರಕಾಶನ. ಮುಖಪುಟ, ಪುಟವಿನ್ಯಾಸ, ಐಎಸ್‌ಬಿಎನ್, "ಜಾಗತಿಕ ವಿತರಣೆ" ಎಲ್ಲ ಸೇರಿ ಹತ್ತಾರು ಸಾವಿರ. ಈ ಪಟ್ಟಿಯಲ್ಲಿರೋ ಐಎಸ್‌ಬಿಎನ್ ಭಾರತದಲ್ಲಿ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಅದನ್ನು ಕೊಡುತ್ತೆ, ಸ್ವಂತವಾಗಿ ಪುಸ್ತಕ ತರೋ ಲೇಖಕರೂ ಆನ್‌ಲೈನಲ್ಲಿ ಅರ್ಜಿ ಹಾಕಬಹುದು. ಅದಕ್ಕೆ ದುಡ್ಡು ಕೇಳೋರ ಹತ್ತಿರ ಉಳಿದ ಲೆಕ್ಕವನ್ನೂ ಬಿಡಿಬಿಡಿಯಾಗಿ ಕೇಳಿ.

ಸ್ವಂತ ಪ್ರಕಾಶನವನ್ನ ಇದರ ಜೊತೆ ಸೇರಿಸಬಾರದು. ಸಾರಾ ಅಬೂಬಕ್ಕರ್ ಅವರೇ 1994ರಲ್ಲಿ ಚಂದ್ರಗಿರಿ ಪ್ರಕಾಶನ ಶುರು ಮಾಡಿದರು. ಕನ್ನಡದಲ್ಲಿ ಆ ಪರಂಪರೆ ದೊಡ್ಡದು. ವ್ಯತ್ಯಾಸ ಇಷ್ಟೇ: ಸ್ವಂತ ಪ್ರಕಾಶನದಲ್ಲಿ ಖರ್ಚಿನ ಪ್ರತಿ ರೂಪಾಯಿ ಎಲ್ಲಿ ಹೋಯ್ತು ಅಂತ ನಿಮಗೆ ಗೊತ್ತಿರುತ್ತೆ, ಪ್ರತಿಗಳು ನಿಮ್ಮ ಹತ್ತಿರ ಇರ್ತವೆ. ಹಾಕಿದ ದುಡ್ಡು ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಖರೀದಿಯಿಂದ ವಾಪಸ್ ಬರುತ್ತೆ ಅಂತ ಮಾತ್ರ ನಂಬಿ ಕೂರಬೇಡಿ. ಅಲ್ಲಿ ಆಯ್ಕೆ, ಖರೀದಿ, ಪಾವತಿ ಎಲ್ಲ ವರ್ಷಗಟ್ಟಲೆ ತಡವಾಗಿ ಪ್ರಕಾಶಕರು ಬೀದಿಗಿಳಿದು ಪ್ರತಿಭಟಿಸಿದ್ದೂ ಇದೆ.

ಸಹಿ ಹಾಕೋ ಹಾಳೆ

ಬಹುತೇಕ ಸ್ಪರ್ಧೆಗಳು ಒಂದು ದೃಢೀಕರಣ ಪತ್ರ ಕೇಳ್ತವೆ: ಸ್ವಂತ ರಚನೆ, ಅನುವಾದ ಅಲ್ಲ, ಎಲ್ಲೂ ಪ್ರಕಟವಾಗಿಲ್ಲ. ಇಷ್ಟೇ ಇದ್ದರೆ ತೊಂದರೆ ಇಲ್ಲ. ಕೆಲವು ಕಡೆ ಅದರ ಕೆಳಗೆ ಇನ್ನೊಂದು ಸಾಲು ಇರುತ್ತೆ, ಬಹುಮಾನಿತ ಬರಹದ ಎಲ್ಲ ಹಕ್ಕುಗಳೂ ಸಂಸ್ಥೆಗೆ ಸೇರತಕ್ಕದ್ದು ಅಂತ. ಅಲ್ಲಿ ನಿಲ್ಲಬೇಕು.

1957ರ ಕೃತಿಸ್ವಾಮ್ಯ ಕಾಯ್ದೆ ಬರೆದವರ ಪರವಾಗಿ ಸಾಕಷ್ಟು ಹೇಳುತ್ತೆ. ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ನಿಮ್ಮ ಕಾಲದ ನಂತರವೂ 60 ವರ್ಷ ಅದು ವಾರಸುದಾರರಿಗೆ. ಹಕ್ಕು ವರ್ಗಾಯಿಸಬೇಕಾದರೆ ಅದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಅನ್ನೋದು ಅದರಲ್ಲಿ ಬರೆದಿರಬೇಕು. ಕಾಲಾವಧಿ ಬರೆದಿಲ್ಲ ಅಂದರೆ 19ನೇ ಸೆಕ್ಷನ್ ಪ್ರಕಾರ ಐದು ವರ್ಷ ಅಂತಲೇ ಅರ್ಥ. ಪ್ರದೇಶ ಬರೆದಿಲ್ಲ ಅಂದರೆ ಭಾರತ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಥರ ಹೇಳಿಲ್ಲದಿದ್ದರೆ, ಅದು ಬಿದ್ದುಹೋಗುತ್ತೆ. ಇನ್ನು 57ನೇ ಸೆಕ್ಷನ್: ಹಕ್ಕು ಮಾರಿದ ಮೇಲೂ "ಇದನ್ನ ಬರೆದವರು ನಾನು" ಅನ್ನೋ ಹಕ್ಕು ಮತ್ತು ನಿಮ್ಮ ಹೆಸರಿಗೆ ಕುಂದು ಬರೋ ಹಾಗೆ ಬರಹವನ್ನು ತಿರುಚದಂತೆ ತಡೆಯೋ ಹಕ್ಕು ನಿಮ್ಮಲ್ಲೇ ಇರುತ್ತೆ.

ಪತ್ರಿಕೆ ಒಂದು ಸಲ ಅಚ್ಚು ಮಾಡೋ ಹಕ್ಕು, ತನ್ನ ಜಾಲತಾಣದಲ್ಲಿ ಹಾಕೋ ಹಕ್ಕು ಕೇಳಿದರೆ ನ್ಯಾಯ. ಬಹುಮಾನಿತ ಕಥೆಗಳ ಸಂಕಲನಕ್ಕೆ ಕೇಳಿದರೂ ಒಪ್ಪಬಹುದು. ಅನುವಾದ, ಆಡಿಯೊ, ನಾಟಕ, ಸಿನಿಮಾ, ವೆಬ್ ಸರಣಿಯ ಹಕ್ಕು ಮಾತ್ರ ನಿಮ್ಮಲ್ಲೇ ಉಳೀಬೇಕು. ಸಿನಿಮಾ ದೂರದ ಮಾತು ಅನ್ನಿಸಬಹುದು. 'ಬ್ಯಾರಿ' ಚಿತ್ರಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಅದು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನೇ ಆಧರಿಸಿದ್ದು, ನನ್ನ ಒಪ್ಪಿಗೆ ಪಡೆದಿಲ್ಲ ಅಂತ ಸಾರಾ ಅಬೂಬಕ್ಕರ್ ಕೋರ್ಟಿಗೆ ಹೋದರು. ಮಂಗಳೂರಿನ ನ್ಯಾಯಾಲಯ ಅವರ ಕೃತಿಸ್ವಾಮ್ಯ ಉಲ್ಲಂಘನೆಯಾಗಿದೆ ಅಂತ ತೀರ್ಪು ಕೊಟ್ಟಿತು. ಆ ಇಳಿವಯಸ್ಸಿನಲ್ಲಿ ಅವರು ಕೇಸು ಹಾಕಿ ಗೆಲ್ಲೋಕೆ ಆದದ್ದು ಹಕ್ಕನ್ನ ಯಾರಿಗೂ ಬರೆದುಕೊಟ್ಟಿರಲಿಲ್ಲ ಅನ್ನೋ ಕಾರಣಕ್ಕೂ ಹೌದು.

ಇಷ್ಟವಿಲ್ಲದ ಷರತ್ತು ಇದ್ದರೆ ಸಂಘಟಕರಿಗೆ ಒಂದು ಇಮೇಲ್ ಹಾಕಿ, "ಅನುವಾದ ಮತ್ತು ದೃಶ್ಯರೂಪದ ಹಕ್ಕು ಲೇಖಕರಲ್ಲೇ ಉಳಿಯುತ್ತದೆಯೇ?" ಅಂತ ಕೇಳಿ. ಉತ್ತರ ಬರಹದಲ್ಲಿ ಸಿಕ್ಕರೆ ತೆಗೆದಿಟ್ಟುಕೊಳ್ಳಿ.

ಕಳಿಸೋವಾಗ

ಯೂನಿಕೋಡಲ್ಲಿ ಟೈಪ್ ಮಾಡಿ. ನುಡಿ ಅಥವಾ ಬರಹದ ಹಳೆಯ ಫಾಂಟಲ್ಲಿ ಇದ್ದರೆ ಪರಿವರ್ತಿಸಿ, ಆಮೇಲೆ ಒಂದು ಸಲ ಪೂರ್ತಿ ಓದಿ. ಒತ್ತಕ್ಷರ, ಅರ್ಕಾವತ್ತುಗಳು ಪರಿವರ್ತನೆಯಲ್ಲಿ ಹಾಳಾಗೋದು ಸಾಮಾನ್ಯ. ವರ್ಡ್ ಕೇಳಿದರೆ ವರ್ಡ್, ಪಿಡಿಎಫ್ ಕೇಳಿದರೆ ಪಿಡಿಎಫ್. ಕಥೆಯ ಫೈಲಿನ ಹೆಸರಲ್ಲಿ ನಿಮ್ಮ ಹೆಸರು ಇಟ್ಟರೆ ಹೆಸರಿಲ್ಲದ ಹಾಳೆಯ ನಿಯಮಕ್ಕೆ ಅರ್ಥವೇ ಇರಲ್ಲ. ಪದಮಿತಿ 2,500 ಅಂದರೆ 3,100 ಕಳಿಸಬೇಡಿ, ತಿದ್ದೋರು ಇಲ್ಲ, ಪಕ್ಕಕ್ಕಿಡೋರು ಇದ್ದಾರೆ. ಅಂಚೆಯಲ್ಲಿ ಕಳಿಸೋದಾದರೆ ಒಂದು ಪ್ರತಿ ಇಟ್ಟುಕೊಳ್ಳಿ, ಯಾರೂ ವಾಪಸ್ ಕಳಿಸಲ್ಲ. ಬೀದರಿನ ಕನ್ನಡದಲ್ಲೋ, ಚಾಮರಾಜನಗರದ ಕನ್ನಡದಲ್ಲೋ ಬರೆದಿದ್ದರೆ ಹಾಗೇ ಬಿಡಿ. ತೀರ್ಪುಗಾರರಿಗೆ ಅರ್ಥವಾಗಲಿ ಅಂತ ಮಾತುಕತೆಯನ್ನೆಲ್ಲ ಪಠ್ಯಪುಸ್ತಕದ ಕನ್ನಡಕ್ಕೆ ಇಳಿಸಬೇಡಿ.

ಯಾವ ಕಥೆ, ಎಲ್ಲಿಗೆ, ಯಾವ ದಿನ ಕಳಿಸಿದ್ದು, ಫಲಿತಾಂಶ ಯಾವಾಗ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಫಲಿತಾಂಶ ಬಂದು ನಿಮ್ಮ ಹೆಸರು ಇಲ್ಲ ಅಂದರೆ ಆ ಕಥೆ ಅವತ್ತಿಂದ ಮತ್ತೆ ಸ್ವತಂತ್ರ. ಒಂದು ವಾರ ಬಿಟ್ಟು, ಇನ್ನೊಮ್ಮೆ ಓದಿ, ತಿದ್ದಿ, ಯಾವುದಾದರೂ ಮಾಸಪತ್ರಿಕೆಗೆ ಕಳಿಸಿ.